ಫಿಲ್ಮ್ ರೋಲ್‌ಗೆ ಯಾಕಿಷ್ಟು ಬರ?

ಎಲ್ಲರಿಗೂ ನಮಸ್ಕಾರ. ಫೋಟೋ ತೆಗೆಯುವ ಫಿಲ್ಮ್ ಬಗ್ಗೆ ಉಪನ್ಯಾಸ ಅಂದಕೂಡಲೇ ಹಳೆಯ ದಿನ ನೆನೆದು ನಿಟ್ಟುಸಿರು ಬಿಡುತ್ತಾರೆ ಅಂತ ನೀವು ಅಂದುಕೊಂಡು ಬಂದಿದ್ದರೆ, ಕ್ಷಮಿಸಿ, ಆ ಕೆಲಸ ನನಗೆ ಬರಲ್ಲ. ನನ್ನ ತಲೆ ತಿನ್ನುತ್ತಿರುವುದು ಬೇರೆ ಪ್ರಶ್ನೆ. ಫಿಲ್ಮ್ ಕ್ಯಾಮೆರಾ ಹಿಡಿಯುವ ಹುಡುಗ ಹುಡುಗಿಯರು ಮತ್ತೆ ಜಾಸ್ತಿ ಆಗುತ್ತಿದ್ದಾರೆ. ಅಂಗಡಿಗೆ ಹೋದರೆ ಮಾತ್ರ ರೋಲ್ ಇಲ್ಲ, ಇದ್ದರೂ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಕೊಳ್ಳುವವರು ಇದ್ದಾರಲ್ಲ, ಮಾಡಿಕೊಡುವುದಕ್ಕೆ ಏನು ಕಷ್ಟ?

ಕಷ್ಟ ಇರೋದು ಕಾರ್ಖಾನೆಯ ಗಾತ್ರದಲ್ಲಿ. ಫಿಲ್ಮ್ ಹೇಗೆ ತಯಾರಾಗುತ್ತದೆ ನೋಡಿ. ಒಂದು ಮೀಟರಿಗಿಂತ ಅಗಲವಾದ, ಕಿಲೋಮೀಟರಿಗಿಂತ ಉದ್ದವಾದ ಪಾರದರ್ಶಕ ಹಾಳೆ ಯಂತ್ರದೊಳಗೆ ಓಡುತ್ತಿರುತ್ತದೆ. ಅದು ಓಡುತ್ತಿರುವಾಗಲೇ ಬೆಳ್ಳಿಯ ಲವಣ ಬೆರೆಸಿದ ಜೆಲಟಿನ್ ಅದರ ಮೇಲೆ ಪದರ ಪದರವಾಗಿ ಬೀಳಬೇಕು. ಕಲರ್ ಫಿಲ್ಮ್‌ನಲ್ಲಿ ಇಂಥ ಪದರಗಳು ಹತ್ತಕ್ಕಿಂತ ಜಾಸ್ತಿ. ಎಲ್ಲ ಸೇರಿದರೂ ನಮ್ಮ ತಲೆಕೂದಲಿಗಿಂತ ತೆಳು! ಒಂದು ಪದರ ಸ್ವಲ್ಪ ದಪ್ಪ ಆಯಿತು ಅಂದರೆ ಬಣ್ಣ ಕೆಟ್ಟಿತು ಅಂತಲೇ ಲೆಕ್ಕ. ಅದೂ ಕಗ್ಗತ್ತಲಲ್ಲಿ ನಡೆಯಬೇಕಾದ ಕೆಲಸ. ಇಂಥ ಯಂತ್ರವನ್ನು ಕಟ್ಟಿದ್ದು ಜಗತ್ತಿಡೀ ಫಿಲ್ಮ್ ಕೊಳ್ಳುತ್ತಿದ್ದ ಕಾಲಕ್ಕೆ. ಇವತ್ತು ಸ್ವಲ್ಪ ಸಾಕು ಅಂತ ಅರ್ಧ ಗಂಟೆ ಓಡಿಸಿ ನಿಲ್ಲಿಸೋಕೆ ಆಗಲ್ಲ. ಶುರುವಿನಲ್ಲಿ ಹದ ಬರುವವರೆಗೆ ಸುರಿದ ಮಾಲೆಲ್ಲ ಕಸ. ಕಮ್ಮಿ ಮಾಡಿದಷ್ಟೂ ಒಂದೊಂದು ರೋಲ್‌ನ ಮೇಲೆ ಬೀಳುವ ಖರ್ಚು ಜಾಸ್ತಿ.

ಇನ್ನು ಕಚ್ಚಾ ಮಾಲಿನ ಕಥೆ. ಜೆಲಟಿನ್ ಬರೋದು ದನದ ಮೂಳೆ, ಚರ್ಮದಿಂದ. ಕೆಲವು ಜೆಲಟಿನ್ ಹಾಕಿದರೆ ಫಿಲ್ಮ್ ಚುರುಕು, ಕೆಲವು ಹಾಕಿದರೆ ಮಂದ, ಯಾಕೆ ಅಂತ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. 1920ರ ದಶಕದಲ್ಲಿ ಕೊಡಾಕ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಪತ್ತೆ ಹಚ್ಚಿದರು: ದನ ಮೇಯ್ದ ಗಿಡಗಳಲ್ಲಿ ಸಾಸಿವೆ ಜಾತಿಯವೂ ಇದ್ದವು, ಅದರ ಗಂಧಕದ ಅಂಶ ಜೆಲಟಿನ್‌ಗೆ ಸೇರಿ ಬೆಳ್ಳಿಯ ಕಣಗಳನ್ನು ಬೆಳಕಿಗೆ ಚುರುಕು ಮಾಡುತ್ತಿತ್ತು. ದನ ಏನು ತಿಂದಿತು ಅನ್ನೋದು ಫೋಟೋದಲ್ಲಿ ಕಾಣುವಷ್ಟು ಸೂಕ್ಷ್ಮದ ಕೆಲಸ ಇದು. ಹಾಗಿರುವಾಗ ಎಲ್ಲೋ ಒಂದು ರಾಸಾಯನಿಕ ಕಂಪನಿ, ಗಿರಾಕಿ ಕಮ್ಮಿ ಅಂತ ಒಂದು ಪುಡಿಯನ್ನು ಮಾಡುವುದು ನಿಲ್ಲಿಸಿದರೆ ಏನಾಗುತ್ತದೆ? ಫ್ಯೂಜಿಫಿಲ್ಮ್‌ನವರ ಆಕ್ರೋಸ್ ಅನ್ನುವ ಕಪ್ಪು-ಬಿಳುಪು ಫಿಲ್ಮ್ 2018ರಲ್ಲಿ ನಿಂತಾಗ ಅವರು ಕೊಟ್ಟ ಕಾರಣಗಳಲ್ಲಿ ಇದೂ ಒಂದು, ಕಚ್ಚಾ ಮಾಲು ಸಿಗುತ್ತಿಲ್ಲ ಅಂತ. ಮರುವರ್ಷ ಬೇರೆ ಸಾಮಗ್ರಿ ಹುಡುಕಿ ಆಕ್ರೋಸ್ 2 ತಂದರು. ಡಬ್ಬಿ ತಿರುಗಿಸಿ ನೋಡಿದರೆ, ತಯಾರಾದದ್ದು ಬ್ರಿಟನ್‌ನಲ್ಲಿ ಅಂತ ಬರೆದಿತ್ತು.

ಡಿಜಿಟಲ್ ಬಂದ ಕಥೆ ನಿಮಗೆಲ್ಲ ಗೊತ್ತಿರೋದೇ, ಅದನ್ನು ಎಳೆಯೋದಿಲ್ಲ. 1975ರಲ್ಲಿ ಕೊಡಾಕ್‌ನ ಒಳಗೇ ಸ್ಟೀವನ್ ಸ್ಯಾಸನ್ ಅನ್ನುವ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದರು. ಒಂದು ಚಿತ್ರ ಕ್ಯಾಸೆಟ್‌ಗೆ ಇಳಿಯೋಕೆ 23 ಸೆಕೆಂಡ್ ಬೇಕಿತ್ತು, ಯಾರು ಹೆದರುತ್ತಾರೆ ಹೇಳಿ. ಆಮೇಲೆ ಫಿಲ್ಮ್ ಕಂಪನಿಯವರು ಒಬ್ಬೊಬ್ಬರೇ ಕೈ ಎತ್ತಿದರು. 2005ರಲ್ಲಿ ಆಗ್ಫಾಫೋಟೋ ದಿವಾಳಿ, 2006ರಲ್ಲಿ ಕೊನಿಕಾ ಮಿನೋಲ್ಟಾ ಕ್ಯಾಮೆರಾ, ಫಿಲ್ಮ್ ಎರಡನ್ನೂ ಬಿಟ್ಟಿತು, 2012ರ ಜನವರಿಯಲ್ಲಿ ಕೊಡಾಕ್ ಕೂಡ ದಿವಾಳಿ ಅರ್ಜಿ ಹಾಕಿತು.

ನಾನು ಜಾಸ್ತಿ ಹೇಳಬೇಕು ಅಂದುಕೊಂಡಿರೋದು ಕೊಡಾಕ್ರೋಮ್ ಬಗ್ಗೆ. 1935ರಲ್ಲಿ ಬಂದ ಸ್ಲೈಡ್ ಫಿಲ್ಮ್, ಅಂದರೆ ನೆಗೆಟಿವ್ ಇಲ್ಲದೆ ನೇರವಾಗಿ ನಿಜ ಬಣ್ಣದ ಚಿತ್ರವೇ ಮೂಡುವ ಫಿಲ್ಮ್. ಕತ್ತಲಲ್ಲಿ ಇಟ್ಟರೆ ದಶಕಗಟ್ಟಲೆ ಬಣ್ಣ ಮಾಸುವುದಿಲ್ಲ. ಆದರೆ ಅದರ ರಚನೆಯೇ ಬೇರೆ. ಬೇರೆ ಕಲರ್ ಫಿಲ್ಮ್‌ಗಳಲ್ಲಿ ಬಣ್ಣ ಕಟ್ಟುವ ವಸ್ತು ಫಿಲ್ಮ್‌ನ ಒಳಗೇ ಇರುತ್ತದೆ. ಕೊಡಾಕ್ರೋಮ್‌ನಲ್ಲಿ ಅದು ಇರಲಿಲ್ಲ, ಡೆವಲಪ್ ಮಾಡುವಾಗ ಲ್ಯಾಬಿನವರು ಮೂರು ಬಣ್ಣವನ್ನೂ ಒಂದೊಂದಾಗಿ ಸೇರಿಸಬೇಕಿತ್ತು. ಅದಕ್ಕೆ ದೊಡ್ಡ ಯಂತ್ರ, ತಿಳಿದ ಕೆಮಿಸ್ಟ್, ಮತ್ತು ದಿನವೂ ಬರುವ ರೋಲ್‌ಗಳು ಬೇಕು. 2009ರಲ್ಲಿ ಕೊಡಾಕ್ ಇದನ್ನು ನಿಲ್ಲಿಸಿತು. ಅಮೆರಿಕದ ಕ್ಯಾನ್ಸಸ್‌ನ ಪಾರ್ಸನ್ಸ್ ಊರಿನ ಡ್ವೇನ್ಸ್ ಫೋಟೋ, ಜಗತ್ತಿನಲ್ಲಿ ಉಳಿದಿದ್ದ ಕೊನೆಯ ಲ್ಯಾಬ್, 2010ರ ಡಿಸೆಂಬರ್ 30ಕ್ಕೆ ರೋಲ್ ತೆಗೆದುಕೊಳ್ಳುವುದನ್ನು ಮುಗಿಸಿತು. ಆಮೇಲೆ ಯಾರದ್ದೋ ಬೀರುವಿನಲ್ಲಿ ಸಿಕ್ಕ ಕೊಡಾಕ್ರೋಮ್ ರೋಲ್‌ನಿಂದ ಹೆಚ್ಚೆಂದರೆ ಕಪ್ಪು-ಬಿಳುಪು ಚಿತ್ರ ತೆಗೆಯಬಹುದು, ಬಣ್ಣ ಬರಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಅದೇ ಗತಿ.

ಅದಕ್ಕೇ ನಾನು ಹೇಳೋದು, ಫಿಲ್ಮ್ ಉಳಿಯುತ್ತದಾ ಅಂತ ಸುಮ್ನೆ ಒಟ್ಟಾಗಿ ಕೇಳಬೇಡಿ, ಯಾವ ಫಿಲ್ಮ್ ಅಂತ ಕೇಳಿ. ಕಪ್ಪು-ಬಿಳುಪಿನ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಪದರ ಕಮ್ಮಿ, ರಾಸಾಯನಿಕ ಸರಳ, ಮನೆಯ ಬಚ್ಚಲಲ್ಲೇ ಡೆವಲಪ್ ಮಾಡಬಹುದು. ಇಂಗ್ಲೆಂಡಿನ ಇಲ್ಫರ್ಡ್ 2004ರಲ್ಲಿ ಮುಳುಗೋ ಹಂತಕ್ಕೆ ಬಂದಾಗ ಅಲ್ಲಿನ ಮ್ಯಾನೇಜರ್‌ಗಳೇ ಅದನ್ನು ಕೊಂಡು ಹಾರ್ಮನ್ ಅನ್ನುವ ಕಂಪನಿ ಮಾಡಿಕೊಂಡರು. ಅದು ಇವತ್ತಿಗೂ ನಡೆಯುತ್ತಿದೆ, 2023ರ ಕೊನೆಗೆ ಫೀನಿಕ್ಸ್ ಅಂತ ತಮ್ಮದೇ ಒಂದು ಕಲರ್ ಫಿಲ್ಮ್ ಕೂಡ ತಂದರು. ಕಲರ್ ನೆಗೆಟಿವ್, ಅಂದರೆ ಬಣ್ಣ ತಿರುವುಮುರುವಾಗಿ ಮೂಡಿ ಆಮೇಲೆ ಪ್ರಿಂಟ್ ಹಾಕಿಸುವ ಮಾಮೂಲಿ ಫಿಲ್ಮ್, ಹಾಗೂ ಹೀಗೂ ಬದುಕುತ್ತದೆ, ಯಾಕೆಂದರೆ ಸಿನಿಮಾದವರು ಇನ್ನೂ ಫಿಲ್ಮ್ ಕೊಳ್ಳುತ್ತಾರೆ, ಕೊಡಾಕ್‌ನ ಯಂತ್ರ ನಿಲ್ಲದೆ ಇರುವುದರಲ್ಲಿ ಅವರ ಪಾಲು ದೊಡ್ಡದು. ನನಗೆ ಹೆದರಿಕೆ ಇರೋದು ಸ್ಲೈಡ್ ಫಿಲ್ಮ್ ಬಗ್ಗೆ. ಕೊಡಾಕ್‌ನದೇ ಇನ್ನೊಂದು ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮ್ 2012ರಲ್ಲಿ ನಿಂತು 2018ರಲ್ಲಿ ವಾಪಸ್ ಬಂತು, ನಿಜ, ಆದರೆ ಅದನ್ನು ಸರಿಯಾಗಿ ತೊಳೆದುಕೊಡುವ ಲ್ಯಾಬ್‌ಗಳು ಅಷ್ಟೇ ಬೇಗ ವಾಪಸ್ ಬರುತ್ತಾವಾ?

ನಿಂತದ್ದನ್ನು ಮತ್ತೆ ಶುರು ಮಾಡೋದು ಎಷ್ಟು ಕಷ್ಟ ಅನ್ನೋದಕ್ಕೆ ಪೋಲರಾಯ್ಡ್ ನೋಡಿ, ಕ್ಲಿಕ್ಕಿಸಿದ ಕೂಡಲೇ ಕ್ಯಾಮೆರಾದಿಂದ ಚಿತ್ರವೇ ಹೊರಬರುವ ಫಿಲ್ಮ್. 2008ರಲ್ಲಿ ಕಂಪನಿ ಕೈಬಿಟ್ಟ ಮೇಲೆ ಕೆಲವರು ನೆದರ್‌ಲ್ಯಾಂಡ್ಸ್‌ನ ಎನ್‌ಸ್ಕೆಡೆಯಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಉಳಿಸಿಕೊಂಡರು. ಯಂತ್ರ ಇತ್ತು, ತಿಳಿದ ಕೆಲಸಗಾರರೂ ಇದ್ದರು, ಹಳೆಯ ರಾಸಾಯನಿಕಗಳೇ ಇರಲಿಲ್ಲ. ಎಲ್ಲ ಹೊಸದಾಗಿ ಹುಡುಕಬೇಕಾಯಿತು. 2010ರಲ್ಲಿ ಬಂದ ಮೊದಲ ಫಿಲ್ಮ್ ಕ್ಯಾಮೆರಾದಿಂದ ಹೊರಬಂದ ತಕ್ಷಣ ಬೆಳಕು ತಾಗದ ಹಾಗೆ ಮುಚ್ಚಿಕೊಳ್ಳಬೇಕಿತ್ತು, ಇಲ್ಲದಿದ್ದರೆ ಚಿತ್ರ ಹಾಳು. ಜನ ಅದನ್ನೂ ದುಡ್ಡು ಕೊಟ್ಟು ಕೊಂಡರು, ಅಲ್ವಾ! ಆ ದುಡ್ಡಿನಿಂದಲೇ ಮುಂದಿನ ಫಿಲ್ಮ್ ಸುಧಾರಿಸಿತು.

ಹಾಗಾಗಿ ರೋಲ್ ಸಿಕ್ಕಾಗ ಫ್ರೀಜರ್ ತುಂಬಿಸಿಡುವ ಗೆಳೆಯರಿಗೆ ಒಂದು ಮಾತು. ತಣ್ಣಗಿಟ್ಟರೆ ರಾಸಾಯನಿಕ ಕೆಡುವುದು ನಿಧಾನ ಆಗುತ್ತದೆ, ಆದರೆ ಆಕಾಶದಿಂದ ಬರುವ ವಿಕಿರಣ ಫ್ರೀಜರ್ ಬಾಗಿಲಿಗೆ ಹೆದರಲ್ಲ, ಜಾಸ್ತಿ ಐಎಸ್‌ಒ ಇರುವ, ಅಂದರೆ ಬೆಳಕಿಗೆ ಹೆಚ್ಚು ಚುರುಕಾದ ಫಿಲ್ಮ್ ವರ್ಷಗಳು ಕಳೆದಂತೆ ಅಲ್ಲೂ ಮಸುಕಾಗುತ್ತದೆ. ಕೂಡಿಟ್ಟ ರೋಲ್‌ನಿಂದ ಲ್ಯಾಬಿನವರಿಗೂ ಏನೂ ಕೆಲಸ ಇಲ್ಲ. ಕಲರ್ ನೆಗೆಟಿವ್ ತೊಳೆಯುವ ಡೆವಲಪರ್ ದ್ರಾವಣ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ದಿನಾ ರೋಲ್ ಬೀಳುತ್ತಿದ್ದರೆ ದ್ರಾವಣ ತಾಜಾ ಇರುತ್ತದೆ, ಬೀಳದಿದ್ದರೆ ತೊಟ್ಟಿಯಲ್ಲೇ ಸತ್ತುಹೋಗುತ್ತದೆ, ಆಮೇಲೆ ಬಂದವರ ಫೋಟೋನೂ ಕೆಡುತ್ತದೆ. ತೆಗೆಯಿರಿ, ತೊಳೆಸಿ, ಮತ್ತೆ ಕೊಳ್ಳಿ.

ಹೊಸ ಕ್ಯಾಮೆರಾ ಬೇಕು ಅನ್ನುವವರಿಗೆ 2024ರಲ್ಲಿ ಪೆಂಟಾಕ್ಸ್ 17 ಬಂದಿದೆ. ಅದು ಹಾಫ್ ಫ್ರೇಮ್, ಅಂದರೆ 36ರ ರೋಲ್‌ನಲ್ಲಿ 72 ಚಿತ್ರ ಸಿಗುತ್ತದೆ. ರೋಲ್‌ಗೆ ಈಗಿರೋ ಬೆಲೆ ನೋಡಿದರೆ ಲೆಕ್ಕಾಚಾರ ಚೆನ್ನಾಗೇ ಇದೆ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.