ಖಾಲಿ ಜಾಗದಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಇಷ್ಟು ಜನ ಬಂದಿದ್ದೀರಿ. ಇಲ್ಲಿಂದ ಸೀದಾ ಸೈಟ್ ನೋಡಲು ಹೊರಡುವವರು ಎಷ್ಟು ಜನ? ಕೈ ಎತ್ತಿ. ಹಿಂದಿನ ಸಾಲಿನವರು ನಾಚಿಕೊಳ್ಳಬೇಡಿ.

ನಾನು ವಕೀಲನಲ್ಲ, ಬ್ರೋಕರ್ ಕೂಡ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೆಂಗಳೂರಿನ ಸುತ್ತ ನಾಲ್ಕು ಕಡೆ ಜಾಗ ಕೊಂಡೆ. ಮೂರರಲ್ಲಿ ನಾಲ್ಕು ಕಾಸು ಉಳಿಯಿತು. ಒಂದರಲ್ಲಿ ಏಟು ತಿಂದೆ. ಆ ಏಟಿನಿಂದಲೇ ಶುರು ಮಾಡುತ್ತೇನೆ.

ಅದು ನೆಲಮಂಗಲದ ಕಡೆ 20 ಗುಂಟೆ ಹೊಲ. ನಮ್ಮದು ಬೇಸಾಯದ ಮನೆತನ, ಹಾಗಾಗಿ ಆಗಿನ ಕಾನೂನಿನಲ್ಲೂ ನಾನು ಹೊಲ ಕೊಳ್ಳಬಹುದಿತ್ತು. ನೋಡಲು ಹೋಗಿದ್ದು ಏಪ್ರಿಲ್‌ನಲ್ಲಿ. ನೆಲ ಬಿರುಕು ಬಿಟ್ಟಿತ್ತು. ಒಂದು ಅಂಚಿನಲ್ಲಿ ಜಾಲಿ ಬೆಳೆದ ತಗ್ಗು. ಇದೇನು ಎಂದೆ. "ಮಳೆ ಬಂದಾಗ ಒಂಚೂರು ನೀರು ಹೋಗುತ್ತೆ ಅಷ್ಟೇ ಸಾರ್" ಎಂದರು ಮಾರುವವರು. ಸುಳ್ಳೇನೂ ಹೇಳಲಿಲ್ಲ ಅವರು. ರಿಜಿಸ್ಟ್ರೇಷನ್ ಆದ ಮೇಲೆ ಬೇಲಿ ಹಾಕಲು ಸರ್ವೆ ಮಾಡಿಸಿದೆ. ಆ ತಗ್ಗು ಹಳ್ಳ ಅಂತ ನಕ್ಷೆಯಲ್ಲಿತ್ತು. 6 ಗುಂಟೆ ಬಿ ಖರಾಬು. ಅಂದರೆ ಸರ್ಕಾರದ್ದು. ಕೊಟ್ಟ ದುಡ್ಡು 20 ಗುಂಟೆಗೆ, ಸಿಕ್ಕಿದ್ದು 14.

ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ಪಹಣಿಯ, ಅಂದರೆ ಜಮೀನಿನ ಹಕ್ಕು, ಅಳತೆ ಬರೆದಿರುವ ಸರ್ಕಾರಿ ದಾಖಲೆಯ, 3ನೇ ಕಾಲಂನಲ್ಲಿ ಆ ಖರಾಬು ಅಚ್ಚಾಗಿಯೇ ಇತ್ತು. ನಾನು 9ನೇ ಕಾಲಂನಲ್ಲಿ ಮಾರುವವರ ಹೆಸರು ಇದೆಯಾ ಅಂತ ನೋಡಿ, ಮಡಚಿ ಫೈಲಿಗೆ ಹಾಕಿದ್ದೆ. ಇಡೀ ಆಯಸ್ಸು ಬೇರೆಯವರ ದಾಖಲೆ ಓದಿದವನು ನನ್ನದನ್ನು ಓದಲಿಲ್ಲ!

ಅಂದಿನಿಂದ 'ಖಾಲಿ ಜಾಗ' ಅಂತ ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ. ಅದರಲ್ಲಿ ಯಾರಿದ್ದಾರೆ? ನೀರು ಇರಬಹುದು, ದಾರಿ ಇರಬಹುದು. ತವರಿನ ಪಾಲು ಕೇಳದೆ ಸುಮ್ಮನಿರುವ ಹೆಣ್ಣುಮಗಳು ಇರಬಹುದು. ಕೆಲವೊಮ್ಮೆ ಸರ್ಕಾರವೇ ಕೂತಿರುತ್ತದೆ.

ಪಹಣಿಯನ್ನು ಹೇಗೆ ಓದಬೇಕು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಅದು ಮುಖ್ಯ. ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬಂದ ಮೇಲೆ ಮನೆಯಲ್ಲೇ ಕೂತು ತೆಗೆಯಬಹುದು. 3ನೇ ಕಾಲಂ ವಿಸ್ತೀರ್ಣ, ಅದರಲ್ಲೇ ಖರಾಬು. ಎ ಖರಾಬು ಅಂದರೆ ಬೇಸಾಯಕ್ಕೆ ಬಾರದ ಬಂಡೆ, ದಿಣ್ಣೆ ಇಂಥವು. ಬಿ ಖರಾಬು ಅಂದರೆ ಹಳ್ಳ, ಬಂಡಿದಾರಿ, ಸ್ಮಶಾನ, ಹೀಗೆ ಎಲ್ಲರಿಗೂ ಸೇರಿದ್ದು. 9ರಲ್ಲಿ ಹೆಸರು. 10ರಲ್ಲಿ ಜಮೀನು ಅವರಿಗೆ ಹೇಗೆ ಬಂತು ಅನ್ನುವುದು: ಕ್ರಯವೋ, ವಿಭಾಗವೋ, ಪೌತಿಯೋ (ಹಿರಿಯರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು), ಮಂಜೂರಾತಿಯೋ. 11ರಲ್ಲಿ ಋಣ ಮತ್ತು ಇತರ ಹಕ್ಕು. ಸೊಸೈಟಿ ಸಾಲ, ಕೋರ್ಟಿನ ತಡೆ ಇಂಥವು ಅಲ್ಲೇ ಕಾಣುತ್ತವೆ.

10ನೇ ಕಾಲಂನಲ್ಲಿ 'ಮಂಜೂರಾತಿ' ಅಂತ ಕಂಡರೆ ಅಲ್ಲೇ ನಿಲ್ಲಿ. ಸರ್ಕಾರ ಜಮೀನು ಮಂಜೂರು ಮಾಡಿದಾಗ ಕೊಡುವ ಸಾಗುವಳಿ ಚೀಟಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾದರೆ ಅಂಥ ಜಮೀನು ಬೇರೆಯವರ ಕೈಸೇರದಂತೆ ತಡೆಯುವ 1978ರ ಪಿಟಿಸಿಎಲ್ ಕಾಯಿದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಕೊಂಡರೆ ಕ್ರಯವೇ ನಿಲ್ಲುವುದಿಲ್ಲ. ಜಮೀನು ಮೂಲ ಮಂಜೂರಿದಾರರ ಕುಟುಂಬಕ್ಕೆ ವಾಪಸ್ಸು. "ಮೂವತ್ತು ವರ್ಷ ಆಗೋಯ್ತು ಸಾರ್, ಈಗ ಯಾರು ಕೇಳ್ತಾರೆ" ಅನ್ನುವವರು ಸಿಗುತ್ತಾರೆ. ಜಮೀನು ವಾಪಸ್ ಕೇಳಿ ತಡವಾಗಿ ಬಂದ ಅರ್ಜಿಗಳನ್ನು ಕೋರ್ಟು ತಳ್ಳಿಹಾಕಿದ್ದೂ ಇದೆ. ಆದರೆ 2023ರ ತಿದ್ದುಪಡಿ ಈ ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ನನ್ನ ಅಭಿಪ್ರಾಯ ಕೇಳಿದರೆ ಈ ಕಾಯಿದೆ ಸರಿಯಾಗಿಯೇ ಇದೆ. ಒಂದು ಮದುವೆ ಸಾಲಕ್ಕೆ ಎರಡು ಎಕರೆ ಬರೆಸಿಕೊಂಡ ಕಥೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಯಿದೆ ಇಷ್ಟ ಇರಲಿ ಬಿಡಲಿ, ಅಂಥ ಜಾಗ ಬೇಡ.

ಹೆಣ್ಣುಮಕ್ಕಳ ಸಹಿಗೆ ಬರೋಣ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ದೇಶದ ಕಾನೂನು ಬದಲಾಗಿದ್ದು 2005ರಲ್ಲಿ. 2005ಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೂ ಹಳ್ಳಿಯಲ್ಲಿ ಅಣ್ಣತಮ್ಮಂದಿರಷ್ಟೇ ಕೂತು ವ್ಯವಹಾರ ಮುಗಿಸುತ್ತಾರೆ. "ಅಕ್ಕನಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದೀವಿ" ಅನ್ನುತ್ತಾರೆ. ಕೊಟ್ಟಿರಬಹುದು, ನನಗೆ ಬೇಕಾದದ್ದು ಅಕ್ಕನ ಸಹಿ. ವಂಶವೃಕ್ಷ ತರಿಸಿ, ಅದನ್ನೂ ಪೂರ್ತಿ ನಂಬಬೇಡಿ. ಮೊದಲ ಹೆಂಡತಿಯ ಮಕ್ಕಳು ಅದರಲ್ಲಿ ಬಿಟ್ಟು ಹೋಗಿರುತ್ತಾರೆ. ಊರಿನ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಅವರ ಹೆಸರೂ ಗೊತ್ತಾಗುತ್ತದೆ, ಕೊಟ್ಟ ಊರೂ ಗೊತ್ತಾಗುತ್ತದೆ.

ಇಸಿ ತೆಗೆದಿದ್ದೇವಲ್ಲ ಸಾರ್ ಅಂತ ಕೆಲವರು ಹೇಳುತ್ತೀರಿ. ಇಸಿ ಅಂದರೆ ಋಣಭಾರ ಪತ್ರ, ಆ ಜಾಗದ ಮೇಲೆ ಆದ ವ್ಯವಹಾರಗಳ ಪಟ್ಟಿ. ತೆಗೆಯಿರಿ, ಕನಿಷ್ಠ ಮೂವತ್ತು ವರ್ಷದ್ದು. ಆದರೆ ಇಸಿಯಲ್ಲಿ ಬರುವುದು ರಿಜಿಸ್ಟರ್ ಆದದ್ದು ಮಾತ್ರ. ಪಂಚಾಯಿತಿ ಪಾರೀಖತ್ತು (ಊರ ಹಿರಿಯರ ಮುಂದೆ ಬರೆದ ಪಾಲುಪಟ್ಟಿ), ರಿಜಿಸ್ಟರ್ ಮಾಡಿಸದ ವಿಲ್, ನೋಟರಿ ಮುಂದೆ ಆದ ಅಗ್ರಿಮೆಂಟ್ ಯಾವುದೂ ಅದರಲ್ಲಿ ಕಾಣುವುದಿಲ್ಲ. ಜಿಪಿಎ, ಅಂದರೆ ಒಡೆಯರು ಬರೆದುಕೊಟ್ಟ ಅಧಿಕಾರ ಪತ್ರದ ಮೇಲೆ ಮಾರುತ್ತೇವೆ ಅಂದರೆ ಎದ್ದು ಬನ್ನಿ. ಬರೀ ಜಿಪಿಎಯಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಈಗ ರೆವಿನ್ಯೂ ಸೈಟು, ಅಂದರೆ ಲೇಔಟಿಗೆ ಒಪ್ಪಿಗೆ ಪಡೆಯದೆ ಹೊಲವನ್ನು ತುಂಡು ಮಾಡಿ ಮಾರುವ ಸೈಟು. ಇದು ಯಾಕೆ ಅಗ್ಗ ಅಂತ ಲೆಕ್ಕ ಹಾಕಿ ನೋಡೋಣ. ಹಳೇ ಸರ್ವೆ ಚೈನು 33 ಅಡಿ. 33ಕ್ಕೆ 33 ಅಂದರೆ ಒಂದು ಗುಂಟೆ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. 30 ಅಡಿಗೆ 40 ಅಡಿಯ ಒಂದು ಸೈಟು 1,200 ಚದರ ಅಡಿ. ಸುಮ್ನೆ ಭಾಗಿಸಿದರೆ ಎಕರೆಗೆ 36 ಸೈಟು. ನಿಯಮದಂತೆ ಲೇಔಟ್ ಮಾಡಿದರೆ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆ ಹೆಚ್ಚುಕಮ್ಮಿ ಅರ್ಧ ಹೋಗುತ್ತದೆ. ಉಳಿಯುವುದು 18, 20. ರೆವಿನ್ಯೂ ಲೇಔಟಿನವರು ಪಾರ್ಕು ಬಿಡುವುದಿಲ್ಲ, ರಸ್ತೆ 20 ಅಡಿ ಬಿಟ್ಟರೆ ದೊಡ್ಡದು, ಚರಂಡಿಯ ಮಾತೇ ಇಲ್ಲ. ನಿಮಗೆ ಅಗ್ಗವಾಗಿ ಸಿಕ್ಕಿದ್ದು ನಿಮ್ಮದೇ ಪಾರ್ಕು, ನಿಮ್ಮದೇ ಚರಂಡಿ. "ಡಿಸಿ ಕನ್ವರ್ಷನ್ ಆಗಿದೆ" ಅನ್ನುವ ಮಾತಿಗೂ ಮರುಳಾಗಬೇಡಿ. ಕನ್ವರ್ಷನ್ ಅಂದರೆ ಜಮೀನು ಬೇಸಾಯದಿಂದ ಹೊರಗೆ ಬಂತು ಅಂತ ಅಷ್ಟೇ. ಲೇಔಟಿಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇರೆ. 500 ಚದರ ಮೀಟರ್ ಮೀರಿದ ಲೇಔಟಿಗೆ ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ, ಅಂದರೆ ರೇರಾ ನಂಬರ್ ಬೇರೆ. ಪಂಚಾಯಿತಿ, ನಗರಸಭೆಯಂಥವರು ಕೊಡುವ ಆಸ್ತಿ ದಾಖಲೆ ಇ-ಖಾತೆ ಬೇರೆ. ಎಲ್ಲವನ್ನೂ ಒಂದೊಂದಾಗಿ ಕೇಳಿ.

ಸರ್ಕಾರ ಕೂತಿರುತ್ತದೆ ಎಂದೆನಲ್ಲ, ಅದು ಇದು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ನೆನಪಿಸಿಕೊಳ್ಳಿ. ಅದಕ್ಕೆ ಜಮೀನು ವಶಪಡಿಸಿಕೊಳ್ಳುವ ಅಂತಿಮ ಅಧಿಸೂಚನೆ ಬಂದದ್ದು 2007ರಲ್ಲಿ. ಆ ಗೆರೆಯೊಳಗೆ ಸಿಕ್ಕಿಕೊಂಡವರು ಹದಿನೈದು ವರ್ಷ ದಾಟಿದರೂ ಮಾರುವ ಹಾಗಿಲ್ಲ, ಕಟ್ಟುವ ಹಾಗಿಲ್ಲ, ಪರಿಹಾರವೂ ಇಲ್ಲ ಅಂತ ಕಾದರು. ಗೆರೆಯಿಂದ ಸ್ವಲ್ಪ ಆಚೆ ಇದ್ದವರ ಜಾಹೀರಾತಿನಲ್ಲಿ ಅದೇ ರಸ್ತೆ 'ಎರಡೇ ನಿಮಿಷ'. ಹೊಸ ರಸ್ತೆ ಬರುತ್ತದೆ ಅಂದಾಗ ನಾವು ಕೇಳಬೇಕಾದದ್ದು ಎಷ್ಟು ಹತ್ತಿರ ಅಂತ ಮಾತ್ರ ಅಲ್ವಾ? ಒಳಗಾ, ಹೊರಗಾ ಅಂತಲೂ ಕೇಳಬೇಕು. ಮಾಸ್ಟರ್ ಪ್ಲಾನ್ ನಕ್ಷೆ, ಅಧಿಸೂಚನೆಯ ಸರ್ವೆ ನಂಬರುಗಳು, ಎರಡನ್ನೂ ನೋಡಿ.

ಹುಡುಕುವುದು ಹೇಗೆ? ನಾನು ಇಡೀ ಜಿಲ್ಲೆ ಸುತ್ತುವುದಿಲ್ಲ. ಎರಡು ಹೋಬಳಿ ಹಿಡಿದುಕೊಂಡು ವರ್ಷವಿಡೀ ಅಲ್ಲೇ ಓಡಾಡುತ್ತೇನೆ. ಆರು ತಿಂಗಳಲ್ಲಿ ಯಾವ ಬೆಲೆ ಗಾಳಿಯದು, ಯಾವುದು ನೆಲದ್ದು ಅಂತ ತಿಳಿಯುತ್ತದೆ. ಪತ್ರ ಬರಹಗಾರರ ಪರಿಚಯ ಮಾಡಿಕೊಳ್ಳಿ. ಅಲ್ಲಿ ನಿಜವಾಗಿ ಕೈಬದಲಾದ ದುಡ್ಡಿನ ಸುದ್ದಿ ಇರುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇರಲಿ. ಹೊಲದ ಮಧ್ಯೆ ನಿಂತರೆ ಯಾವ ಸರ್ವೆ ನಂಬರ್, ಪಕ್ಕದಲ್ಲಿ ಕೆರೆಯೋ ಗೋಮಾಳವೋ ರಾಜಕಾಲುವೆಯೋ ತೋರಿಸುತ್ತದೆ. ಆ್ಯಪಿನ ಗೆರೆ ಹತ್ತಿಪ್ಪತ್ತು ಅಡಿ ಆಚೀಚೆ ಇರಬಹುದು, ಅದನ್ನೇ ನಂಬಿ ಕಲ್ಲು ನೆಡಬೇಡಿ. ಸರ್ವೆ ನಂಬರಿನಲ್ಲಿ ಒಂದು ಭಾಗ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು.

ವಿದೇಶದಲ್ಲಿರುವ ಮಗನ ಹೆಸರಿಗೆ ತೋಟ ಮಾಡಬೇಕು ಅನ್ನುವವರು ಇಲ್ಲಿ ಇರಬಹುದು. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ ಎನ್‌ಆರ್‌ಐಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಅದು ಫೆಮಾ, ಕೇಂದ್ರದ ಕಾನೂನು. ಸೈಟು ಕೊಳ್ಳಬಹುದು.

ಖರ್ಚು ಬೇಗ ಹೇಳಿಬಿಡುತ್ತೇನೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. 50 ಲಕ್ಷದ ಸೈಟಿಗೆ ಹತ್ತಿರ ಹತ್ತಿರ 3 ಲಕ್ಷ 80 ಸಾವಿರ. ಖಾಲಿ ಜಾಗ ಬಾಡಿಗೆ ಕೊಡುವುದಿಲ್ಲ. ಕಂದಾಯ, ಬೇಲಿ, ಗಿಡಗಂಟಿ ತೆಗೆಸುವ ಕೂಲಿ ಮಾತ್ರ ಕೇಳುತ್ತದೆ. ಸಾಲ ಮಾಡಿ ಕೊಂಡರೆ ಬಡ್ಡಿಯ ಓಟಕ್ಕಿಂತ ಬೆಲೆ ಜಾಸ್ತಿ ಓಡಬೇಕು, ಎಲ್ಲ ಕಡೆ ಅದು ಓಡುವುದಿಲ್ಲ.

ಕೊನೆಗೆ ನನ್ನದೊಂದು ಅಭ್ಯಾಸ. ಪಿತೃಪಕ್ಷದಲ್ಲಿ ಯಾರೂ ಜಾಗ ನೋಡುವುದಿಲ್ಲ. ನಾನು ಆಗಲೇ ಹೋಗುತ್ತೇನೆ. ಮಾರುವವರಿಗೆ ಪುರುಸೊತ್ತು, ಬೆಲೆಯ ಮಾತು ಸ್ವಲ್ಪ ಮೆತ್ತಗೆ. ಜೊತೆಗೆ ಉತ್ತರೆ ಮಳೆ, ಬೆನ್ನಿಗೇ ಹಸ್ತದ ಮಳೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಅಂತ ಕಣ್ಣೆದುರೇ ಕಾಣುತ್ತದೆ. ನೆಲಮಂಗಲದ ಆ ಹಳ್ಳ ತುಂಬಿದ್ದನ್ನು ನಾನು ಮೊದಲ ಸಲ ನೋಡಿದ್ದೂ ಸೆಪ್ಟೆಂಬರ್‌ನಲ್ಲೇ. ಪಕ್ಕದ ಹೊಲದ ಅಜ್ಜ ಕೊಡೆ ಹಿಡಿದು ನಿಂತಿದ್ದರು. "ಕೊಳ್ಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಸ್ವಾಮಿ" ಎಂದರು.

ಪ್ರಶ್ನೆ ಇದ್ದರೆ ಕೇಳಿ. ಪಹಣಿ ತಂದಿದ್ದರೆ ಇಲ್ಲೇ ಬಿಚ್ಚಿ, 3ನೇ ಕಾಲಂ ಮೊದಲು ನೋಡೋಣ.