ಹನ್ನೊಂದು ಕೋಟಿಯ ಲೆಕ್ಕದಲ್ಲಿ ನಮ್ಮ ಬೀದಿ ನಲ್ಲಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನವಳು. ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಊರವರ ಬಾಯಲ್ಲಿ ಡೈರಿ ಸೆಕ್ರೆಟರಮ್ಮ. ಡೈರಿಯ ಕಿಟಕಿ ಪಕ್ಕದ ಗೂಡಿನಲ್ಲಿ ಒಂದು ಹಳೆಯ ರೇಡಿಯೋ ಇದೆ. ಹಾಲು ಅಳೆಯುವಾಗ ಅದು ತನ್ನಷ್ಟಕ್ಕೆ ಮಾತಾಡುತ್ತಿರುತ್ತದೆ. ನಾನು ಹೇಳಹೊರಟಿರುವುದು ಆ ರೇಡಿಯೋದಲ್ಲಿ ಬಂದ ಒಂದು ಮಾತಿನ ವಿಷಯ.

2023ರ ಜನವರಿ 31, ಮಂಗಳವಾರ. ಅವತ್ತು ನಮ್ಮಲ್ಲಿ ಬಟವಾಡೆ. ಬೆಳಗಿನ ಕ್ಯಾನುಗಳು ಲಾರಿ ಹತ್ತಿ ಹೋಗಿದ್ದವು. ಹದಿನೈದು ದಿನದ ಲೆಕ್ಕದ ಚೀಟಿ ಇಸಕೊಳ್ಳಲು ಬಂದವರು ಜಗಲಿ ತುಂಬ ಕೂತಿದ್ದರು. ಹನ್ನೊಂದು ಗಂಟೆಗೆ ದೆಹಲಿಯಿಂದ ರಾಷ್ಟ್ರಪತಿಗಳ ಭಾಷಣ ಶುರುವಾಯಿತು. ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾದ ಮೇಲೆ ಸಂಸತ್ತಿನ ಎರಡೂ ಸದನಗಳನ್ನು ಒಟ್ಟಿಗೆ ಕೂರಿಸಿಕೊಂಡು ಮಾಡಿದ ಮೊದಲ ವಾರ್ಷಿಕ ಭಾಷಣ ಅದು. ಭಾಷಣ ಹಿಂದಿಯಲ್ಲಿ. ನಮ್ಮ ಕಡೆ ಕನ್ನಡ, ತೆಲುಗು ಎರಡೂ ನಾಲಿಗೆ ಮೇಲೆ ಆಡುತ್ತವೆ, ಹಿಂದಿ ಮಾತ್ರ ಅಷ್ಟಕ್ಕಷ್ಟೆ. ಮಿಲಿಟ್ರಿಯಿಂದ ರಿಟೈರಾಗಿ ಬಂದಿರುವ ಯಜಮಾನರೊಬ್ಬರು ಕಂಬಕ್ಕೆ ಒರಗಿ ನಿಂತು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು.

ಒಂದು ಕಡೆ ಅವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಸ್ವಾತಂತ್ರ್ಯ ಬಂದ ಮೇಲೆ ಏಳು ದಶಕದಲ್ಲಿ ಸುಮಾರು ಮೂರೂಕಾಲು ಕೋಟಿ ಮನೆಗೆ ನಲ್ಲಿ ನೀರು ಬಂದಿತ್ತಂತೆ. ಈ ಮೂರು ವರ್ಷದಲ್ಲೇ ಹನ್ನೊಂದು ಕೋಟಿ ಹತ್ತಿರ ಆಯ್ತು ಅಂತ ಹೇಳ್ತಾ ಅವ್ರೆ."

ಜಗಲಿ ಮೇಲೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಎಲ್ಲರ ಕಣ್ಣೂ ಎದುರು ಬೀದಿಗೆ ಹೋದವು. ಅಲ್ಲಿ ಪ್ರತಿ ಮನೆ ಮುಂದೆಯೂ ಮೊಣಕಾಲೆತ್ತರದ ಸಿಮೆಂಟು ಕಂಬ, ಅದಕ್ಕೊಂದು ನಲ್ಲಿ, ಪಕ್ಕದಲ್ಲಿ ಮೀಟರು. ಇದು ಮನೆಗಳಿಗೆ ನಲ್ಲಿ ನೀರು ಕೊಡುವ ಕೇಂದ್ರದ ಜಲ ಜೀವನ ಮಿಷನ್ ಯೋಜನೆ, ನಮ್ಮ ರಾಜ್ಯದಲ್ಲಿ ಇದಕ್ಕೆ ಮನೆ ಮನೆಗೆ ಗಂಗೆ ಅಂತ ಹೆಸರು. ಎದುರು ಮನೆಯವರು ತಮ್ಮ ನಲ್ಲಿ ಕಂಬಕ್ಕೆ ಒಂದು ಕರು ಕಟ್ಟಿದ್ದರು. ಕರು ನಲ್ಲಿಯ ತುದಿಯನ್ನು ನೆಕ್ಕುತ್ತಿತ್ತು. ನಲ್ಲಿ ಒಣಗಿತ್ತು.

ಟೊಮೇಟೊ ಹಾಕುವ ಹುಡುಗನೊಬ್ಬ ಎದ್ದು ನಿಂತ. "ಎಲ್ಲ ಸುಳ್ಳು ಕಣಕ್ಕ, ಆಫ್ ಮಾಡು ಅದನ್ನ" ಅಂದ. ಅವನ ಪಕ್ಕದಲ್ಲಿದ್ದವನು ಬಿಡಲಿಲ್ಲ. "ನಲ್ಲಿ ಬಂದೈತೋ ಇಲ್ವೋ? ಪೈಪು ಬಂದಿರೋದು ಕಣ್ಣಿಗೆ ಕಾಣಲ್ವಾ? ನೀರೂ ಬರ್ತದೆ ಬಿಡು" ಅಂದ. ಇಬ್ಬರ ದನಿಯೂ ಏರಿತು, ಪಕ್ಷಗಳ ಹೆಸರು ಬಂತು, ಭಾಷಣ ಯಾರಿಗೂ ಕೇಳಿಸದಂತಾಯಿತು. ಹಾಲು ಹಾಕಲು ಬರುವ ಒಬ್ಬ ಅಜ್ಜಿ, ಎಂಬತ್ತರ ಹತ್ತಿರದವರು, ಗದರಿಸಿಕೊಂಡರು: "ಆಯಮ್ಮ ಮಾತಾಡಿ ಮುಗಿಸೋತನಕ ಇರ್ರೋ. ನಮ್ಮಂಗೆ ಹಟ್ಟಿಯಿಂದ ಬಂದೋಳು. ಅವಳು ಏನು ಹೇಳಿದ್ಲು ಅಂತ ಪೂರ್ತಿ ಕೇಳದೆ ಸುಳ್ಳು ಅಂದ್ರೂ ತಪ್ಪು, ನಿಜ ಅಂದ್ರೂ ತಪ್ಪು."

ಅಜ್ಜಿಯ ಈ ಮಾತು ನನ್ನಲ್ಲಿ ಇವತ್ತಿಗೂ ಉಳಿದುಕೊಂಡಿದೆ. ಭಾಷಣ ಕೇಳಿದ ಕೂಡಲೇ ನಾವು ಎರಡು ಗುಂಪಾಗುತ್ತೇವೆ. ಒಬ್ಬರಿಗೆ ಎಲ್ಲವೂ ಸುಳ್ಳು, ಇನ್ನೊಬ್ಬರಿಗೆ ಎಲ್ಲವೂ ಆಗಿಹೋಯಿತು. ಕೇಳುವ ಕೆಲಸವನ್ನು ಇಬ್ಬರೂ ಬಿಟ್ಟಿರುತ್ತಾರೆ. ನಮ್ಮ ಡೈರಿಯಲ್ಲಿ ಯಾರ ಹಾಲನ್ನೂ ನೋಡಿದ ಮಾತ್ರಕ್ಕೆ ಗಟ್ಟಿ ಅಂತಲೋ ನೀರು ಬೆರೆಸಿದ್ದಾರೆ ಅಂತಲೋ ಹೇಳುವ ಹಾಗಿಲ್ಲ. ಸ್ಯಾಂಪಲ್ ತೆಗೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದೇ ಹೇಳಬೇಕು. ದೇಶದ ಅತ್ಯುನ್ನತ ಸ್ಥಾನದಿಂದ ಬಂದ ಮಾತಿಗೂ ಅಷ್ಟು ಮರ್ಯಾದೆ ಬೇಡವೇ?

ಆ ಭಾಷಣ ಏನು, ಯಾರದು ಅನ್ನುವುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಸಂವಿಧಾನದ 87ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ಸಂಸತ್ತನ್ನು ಯಾಕೆ ಕರೆದಿದ್ದೇವೆ ಎಂದು ತಿಳಿಸಬೇಕು. ಮೊದಲು ಪ್ರತಿಯೊಂದು ಅಧಿವೇಶನದಲ್ಲೂ ಈ ಭಾಷಣ ಆಗಬೇಕಿತ್ತು. 1951ರ ಮೊದಲ ತಿದ್ದುಪಡಿಯಾದ ಮೇಲೆ ವರ್ಷದ ಮೊದಲ ಅಧಿವೇಶನಕ್ಕೆ ಮತ್ತು ಲೋಕಸಭೆ ಚುನಾವಣೆಯ ನಂತರದ ಮೊದಲ ಅಧಿವೇಶನಕ್ಕೆ ಮಾತ್ರ ಉಳಿಯಿತು. ಈ ಸಂವಿಧಾನ ಬರೆದ ಸಭೆಯಲ್ಲಿ ನಮ್ಮ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರೂ ಇದ್ದರು, ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳು. ಇದನ್ನು ಹೇಳಿದಾಗ ನಮ್ಮೂರ ಹೆಣ್ಣುಮಕ್ಕಳ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ.

ಭಾಷಣದಲ್ಲಿ "ನನ್ನ ಸರ್ಕಾರ" ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಓದುವವರು ರಾಷ್ಟ್ರಪತಿಗಳು, ಆದರೆ ಬರಹ ಮಂತ್ರಿಮಂಡಲದ್ದು. ಅದರಲ್ಲಿರುವ ಲೆಕ್ಕಕ್ಕೂ ಭರವಸೆಗೂ ಉತ್ತರ ಕೊಡಬೇಕಾದದ್ದು ಸರ್ಕಾರ. ಹಾಗಾಗಿ ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ಆ ತಾಯಿಯ ಮೇಲೆ ಮುನಿಸಿಕೊಳ್ಳುವುದು ನ್ಯಾಯವಲ್ಲ. ಅವರು ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಉಪರ್‌ಬೇಡಾ ಅನ್ನುವ ಹಳ್ಳಿಯವರು, ಸಂತಾಲ ಸಮುದಾಯದವರು. ಶಾಲೆಯಲ್ಲಿ ಪಾಠ ಹೇಳಿಕೊಟ್ಟವರು, 1997ರಲ್ಲಿ ರಾಯ್‌ರಂಗ್‌ಪುರದ ನಗರ ಪಂಚಾಯ್ತಿಗೆ ಗೆದ್ದು ಬಂದವರು. ಅವರ ಹುಟ್ಟೂರಿನ ಒಂದು ಹಟ್ಟಿಗೆ ಕರೆಂಟು ಎಳೆಯುವ ಕೆಲಸ ಶುರುವಾದದ್ದೇ 2022ರಲ್ಲಿ, ಅವರು ರಾಷ್ಟ್ರಪತಿ ಚುನಾವಣೆಗೆ ನಿಂತ ಮೇಲೆ. ಮಾತು ಕೊಟ್ಟ ಜಾಗದಿಂದ ಹಟ್ಟಿಯವರೆಗಿನ ದಾರಿ ಎಷ್ಟು ಉದ್ದ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರಬೇಕು ಅಂತ ನನಗನ್ನಿಸುತ್ತದೆ.

ಭಾಷಣದ ಮೇಲೆ ಎರಡೂ ಸದನಗಳಲ್ಲಿ ವಂದನಾ ನಿರ್ಣಯ ಬರುತ್ತದೆ, ಚರ್ಚೆ ನಡೆಯುತ್ತದೆ. ಈ ಮಾತು ಇಲ್ಲಿ ಸೇರಬೇಕಿತ್ತು, ಬಿಟ್ಟುಹೋಗಿದೆ ಅಂತ ಸದಸ್ಯರು ತಿದ್ದುಪಡಿ ಕೇಳಬಹುದು. 2016ರ ಮಾರ್ಚ್‌ನಲ್ಲಿ ರಾಜ್ಯಸಭೆಯಲ್ಲಿ ಅಂಥ ಒಂದು ತಿದ್ದುಪಡಿ ಗೆದ್ದೇಬಿಟ್ಟಿತು. ಹರಿಯಾಣ, ರಾಜಸ್ಥಾನಗಳಲ್ಲಿ ಪಂಚಾಯ್ತಿ ಚುನಾವಣೆಗೆ ನಿಲ್ಲಲು ಇಷ್ಟು ಓದಿರಲೇಬೇಕು ಅಂತ ಕಾನೂನು ಮಾಡಿದ್ದರು. ಎಲ್ಲ ನಾಗರಿಕರಿಗೂ ಪಂಚಾಯ್ತಿಗೆ ನಿಲ್ಲುವ ಹಕ್ಕಿರಬೇಕು ಅನ್ನುವ ಮಾತು ಭಾಷಣದಲ್ಲಿಲ್ಲ ಎಂದು ಸದನವೇ ಬರೆದು ಸೇರಿಸಿತು. ಹೆಬ್ಬೆಟ್ಟು ಒತ್ತುವ ಹೆಂಗಸರ ಪರವಾಗಿ ಅಷ್ಟು ದೊಡ್ಡ ಭಾಷಣದ ಮುಂದೆ ಒಂದು ಸಾಲು ನಿಂತಿತು. ಸಂಸತ್ತಿನಲ್ಲೇ ಹೀಗೆ ನಡೆಯುವುದಾದರೆ ಊರಿನಲ್ಲಿ ಕೂತು ನಾವು ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಹಾಗಂತ ನಾವೂ ಕೇಳಿದೆವು. ಹನ್ನೊಂದು ಕೋಟಿಯಲ್ಲಿ ನಮ್ಮ ಬೀದಿಯ ನಲ್ಲಿಗಳು ಸೇರಿವೆಯೋ ಇಲ್ಲವೋ?

ಸೇರಿದ್ದವು. ಕಂಬ ನೆಟ್ಟಾಗಿದೆ, ನಲ್ಲಿ ಕೂರಿಸಿಯಾಗಿದೆ, ಮನೆಯವರ ಆಧಾರ್ ಬರೆದುಕೊಂಡಾಗಿದೆ, ಸಂಪರ್ಕ ಕೊಟ್ಟಿದೆ ಅಂತ ದಾಖಲಾಗಿದೆ. ಆದರೆ ಜಲ ಜೀವನ ಮಿಷನ್ ತಾನೇ ಹಾಕಿಕೊಂಡ ಕಟ್ಟಳೆ ಬೇರೆ ಇದೆ. ತಲೆಗೆ ದಿನಕ್ಕೆ 55 ಲೀಟರ್ ನೀರು ಬರಬೇಕು, ಕುಡಿಯಲು ಯೋಗ್ಯವಾಗಿರಬೇಕು, ತಪ್ಪದೆ ಬರಬೇಕು. ಐದು ಜನರ ಮನೆಗೆ 275 ಲೀಟರ್, ಹೆಚ್ಚುಕಮ್ಮಿ ಹದಿನೆಂಟು ಬಿಂದಿಗೆ. ನಮ್ಮ ಬೀದಿಗೆ ನೀರುಗಂಟಿ ಗೇಟ್‌ವಾಲ್ ತಿರುಗಿಸುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಅವರನ್ನು ಬೈದು ಫಲವಿಲ್ಲ. ಟ್ಯಾಂಕಿಗೆ ನೀರು ಕೊಡುವ ಬೋರ್‌ವೆಲ್ಲೇ ಏದುಸಿರು ಬಿಡುತ್ತಿತ್ತು. ಪೈಪು ಸರ್ಕಾರದಿಂದ ಬರಬಹುದು, ನೀರು ನೆಲದಿಂದಲೇ ಬರಬೇಕು. ನಮ್ಮಲ್ಲಿ ಬೋರು ಕೊರೆದರೆ ಸಾವಿರದ ಇನ್ನೂರು ಅಡಿ, ಸಾವಿರದ ಐನೂರು ಅಡಿ. ಅಷ್ಟು ಆಳದಿಂದ ಬಂದ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡು. ನಮ್ಮ ಶಾಲೆಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ನನ್ನ ಅಮ್ಮ ಐವತ್ತು ದಾಟುವ ಮೊದಲೇ ನೆಲಕ್ಕೆ ಕೂತು ರಾಗಿ ಕೇರಲಾಗದೆ ಹೋದರು, ಮಂಡಿ ಮಡಚುತ್ತಿರಲಿಲ್ಲ. ಕುಡಿಯುವ ನೀರಿಗೆ ಈಗಲೂ ಶುದ್ಧ ನೀರಿನ ಘಟಕಕ್ಕೆ ಹೋಗಿ 5 ರೂಪಾಯಿ ನಾಣ್ಯ ಹಾಕಿ ಕ್ಯಾನ್ ಹಿಡಿದುಕೊಂಡು ಬರುತ್ತೇವೆ. ಮನೆ ಮುಂದೆ ನಲ್ಲಿ ಇದ್ದೂ.

ಡೈರಿಯವಳಾಗಿ ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. 55 ಲೀಟರ್ ಅನ್ನುವುದು ಮನುಷ್ಯರ ಲೆಕ್ಕ. ಕೋಲಾರ ಜಿಲ್ಲೆ ಬದುಕಿರುವುದು ಹಾಲಿನ ಮೇಲೆ, ರೇಷ್ಮೆಯ ಮೇಲೆ, ಟೊಮೇಟೊ ಮಾವಿನ ಮೇಲೆ. ಮಳೆ ಕೈಕೊಟ್ಟ ವರ್ಷ ಇವೆಲ್ಲದರಲ್ಲಿ ಮನೆ ಹಿಡಿದು ನಿಲ್ಲಿಸುವುದು ಹಸು ಒಂದೇ. ಹಾಲು ಕೊಡುವ ಸೀಮೆಹಸು ಬೇಸಿಗೆಯಲ್ಲಿ ದಿನಕ್ಕೆ ಅರವತ್ತು ಲೀಟರಿಗೆ ಕಮ್ಮಿ ಕುಡಿಯುವುದಿಲ್ಲ. ಎರಡು ಹಸು ಇರುವ ಮನೆಗೆ ನೂರಿಪ್ಪತ್ತು ಲೀಟರ್ ಎಲ್ಲಿಂದ ಬರಬೇಕು? ಮನೆ ಹೆಂಗಸು ತನ್ನ ಪಾಲಿನದನ್ನು ಕಡಿಮೆ ಮಾಡಿಕೊಳ್ಳುತ್ತಾಳೆ. ತಲೆಗೆ ನೀರು ಹಾಕಿಕೊಳ್ಳುವುದನ್ನು ವಾರ ಮುಂದಕ್ಕೆ ಹಾಕುತ್ತಾಳೆ, ಅಕ್ಕಿ ತೊಳೆದ ನೀರನ್ನೂ ಕಲಗಚ್ಚಿಗೆ ಸುರಿಯುತ್ತಾಳೆ. ಒಂದು ಲೀಟರ್ ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ. ನಾವು ನೀರಿಲ್ಲದ ಜಿಲ್ಲೆಯಿಂದ ಬೆಂಗಳೂರಿಗೆ ದಿನವೂ ಹಾಲಿನ ರೂಪದಲ್ಲಿ ನೀರು ಕಳಿಸುತ್ತಿದ್ದೇವೆ. ಬೆಂಗಳೂರಿನಿಂದ ನಮಗೆ ಬರುತ್ತಿರುವುದು ಕೆ.ಸಿ. ವ್ಯಾಲಿಯ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿದ ನೀರು. 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲು ಬಂತು. ಅದರಿಂದ ಅಂತರ್ಜಲ ಮೇಲೆ ಬಂದಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಒಣಗಿದ್ದ ಬೋರುಗಳು ಮತ್ತೆ ಉಸಿರಾಡಿವೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅನ್ನುವ ರೈತರ ಕೂಗು ನ್ಯಾಯವಾದದ್ದೇ.

ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆ? ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದ್ದು 2014ರಲ್ಲಿ. ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ ಕೊಟ್ಟದ್ದು 2024ರ ಸೆಪ್ಟೆಂಬರ್‌ನಲ್ಲಿ. ಅವತ್ತಿನ ಅಡಿಗಲ್ಲು ನೋಡಿ ಬಂದ ನಮ್ಮೂರ ಹಿರಿಯರಲ್ಲಿ ಕೆಲವರು ಈಗಿಲ್ಲ.

ಟೊಮೇಟೊ ಹುಡುಗನ ಸಿಟ್ಟಿಗೂ ಕಾರಣವಿತ್ತು. ಭಾಷಣಗಳಲ್ಲಿ ಬೆಂಬಲ ಬೆಲೆಯ ಮಾತು ಬಂದಾಗಲೆಲ್ಲ ಅವನು ತಲೆ ತಗ್ಗಿಸುತ್ತಾನೆ. ಬೆಂಬಲ ಬೆಲೆ ಇರುವ 22 ಬೆಳೆಗಳಲ್ಲಿ ನಮ್ಮ ರಾಗಿ ಇದೆ, ಟೊಮೇಟೊ ಇಲ್ಲ, ಮಾವೂ ಇಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನು ಟಿವಿಯವರೆಲ್ಲ ತೋರಿಸಿದರು. ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದ ದಿನಗಳನ್ನು ತೋರಿಸುವವರು ಕಮ್ಮಿ. ಆದರೂ ಕೇಳಿದವರಿಗೆ ಸ್ವಲ್ಪವಾದರೂ ದಕ್ಕುತ್ತದೆ. 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ಬೆಲೆ ನೆಲಕಚ್ಚಿದಾಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು, ಬಂದ್ ಮಾಡಿದರು. ಕ್ವಿಂಟಲಿಗೆ 1,616 ರೂಪಾಯಿ ಬೆಲೆ ಅಂತ ಇಟ್ಟುಕೊಂಡು, ಅದಕ್ಕಿಂತ ಕಮ್ಮಿಗೆ ಮಾರಿದವರಿಗೆ ವ್ಯತ್ಯಾಸದಲ್ಲಿ ಒಂದು ಪಾಲು ಕೊಡಲು ಕೇಂದ್ರ ಒಪ್ಪಿತು. ಯಾವ ಭಾಷಣದಲ್ಲೂ ಇಲ್ಲದಿದ್ದ ಮಾತು ಅದು.

ನಲ್ಲಿಯ ವಿಷಯಕ್ಕೆ ಮತ್ತೆ ಬರುತ್ತೇನೆ. 2019ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಸಾರಿದ ಈ ಯೋಜನೆಗೆ ಇಟ್ಟಿದ್ದ ಗಡುವು 2024. ಆ ವರ್ಷ ಬಂತು, ಹೋಯಿತು. 2025ರ ಬಜೆಟ್‌ನಲ್ಲಿ ಗಡುವನ್ನು 2028ಕ್ಕೆ ಒಯ್ದರು. ಇನ್ನು ಮುಂದೆ ಕಾಮಗಾರಿಯ ಗುಣಮಟ್ಟಕ್ಕೂ ನಿರ್ವಹಣೆಗೂ ಒತ್ತು ಕೊಡುತ್ತೇವೆ, ಅದರಲ್ಲಿ ಜನ ಪಾಲ್ಗೊಳ್ಳಬೇಕು ಅಂದರು. ಗಡುವು ಮುಂದೆ ಹೋದದ್ದಕ್ಕೆ ಬೇಸರವಿದೆ. ಆದರೆ ಗುಣಮಟ್ಟ ಅನ್ನುವ ಆ ಒಂದು ಪದವನ್ನು ನಾವು ಗಟ್ಟಿಯಾಗಿ ಹಿಡಿದುಕೊಂಡೆವು.

ಹೇಗೆಂದರೆ, ಡೈರಿಯಲ್ಲಿ ಹಾಲಿನ ಪುಸ್ತಕದ ಪಕ್ಕದಲ್ಲಿ ಈಗ ಒಂದು ನೀರಿನ ಪುಸ್ತಕ ಇದೆ. ಮನೆಯೊಂದಕ್ಕೆ ಒಂದು ಪುಟ. ಬೆಳಿಗ್ಗೆ ಹಾಲು ಹಾಕಲು ಬಂದವರು ನೀರು ಬಂದ ದಿನ, ಹೊತ್ತು, ಎಷ್ಟು ಬಿಂದಿಗೆ ತುಂಬಿತು ಅಂತ ಹೇಳುತ್ತಾರೆ, ನಾನು ಬರೆಯುತ್ತೇನೆ. ಈ ಯೋಜನೆಯಲ್ಲಿ ಪ್ರತಿ ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ನಮ್ಮಲ್ಲಿ ಕಲಿತವರು ತಿಂಗಳಿಗೊಮ್ಮೆ ಕಿಟ್ ತಂದು ಹಾಲಿನ ಸ್ಯಾಂಪಲ್ ಇಡುವ ಮೇಜಿನ ಮೇಲೇ ಪರೀಕ್ಷೆ ಮಾಡುತ್ತಾರೆ. ಸಣ್ಣ ಸೀಸೆಗೆ ನಲ್ಲಿ ನೀರು ಹಾಕಿ, ಔಷಧಿಯ ತೊಟ್ಟು ಬಿಟ್ಟು, ಬಣ್ಣದ ಚೀಟಿಯ ಪಕ್ಕ ಹಿಡಿದು ನೋಡುತ್ತಾರೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಫ್ಲೋರೈಡ್ ದಾಟಿದರೆ ಅದು ಕುಡಿಯುವ ನೀರಲ್ಲ. ಮೊದಲ ಸಲ ಬಣ್ಣ ಬದಲಾದಾಗ ಯಾರೂ ಮಾತಾಡಲಿಲ್ಲ. ಗದರಿಸಿದ್ದ ಆ ಅಜ್ಜಿ ಸೀಸೆಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನನ್ನ ಮಂಡಿ ಬಣ್ಣ ಇದು" ಅಂದರು.

ಆ ಪುಸ್ತಕವನ್ನು ಗ್ರಾಮಸಭೆಗೆ ತೆಗೆದುಕೊಂಡು ಹೋದೆವು, ನಲವತ್ತು ಜನ ಹೆಂಗಸರು. ಭಾಷಣದ ಆ ಸಾಲನ್ನು ಮಿಲಿಟ್ರಿ ಯಜಮಾನರು ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಅದನ್ನು ಮೊದಲು ಓದಿ, ಆಮೇಲೆ ನಮ್ಮ ಪುಟಗಳನ್ನು ಓದಿದೆವು. ಜಗಳವಾಗಲಿಲ್ಲ. ಟೊಮೇಟೊ ಹುಡುಗನೇ ಎದ್ದು ನಿಂತು ಬಿಂದಿಗೆಗಳ ಲೆಕ್ಕ ಕೂಡಿ ಹೇಳಿದ. ಪಿಡಿಒ ಅವರು ಮೂರು ಮಾತನ್ನು ನಡಾವಳಿಯಲ್ಲಿ ಬರೆದುಕೊಂಡರು. ಸಂಪರ್ಕ ಕೊಟ್ಟ ಮನೆ ಅಂತ ಅಲ್ಲ, ನೀರು ಬಂದ ದಿನ ಅಂತ ಲೆಕ್ಕ ಇಡಬೇಕು. ರಾಷ್ಟ್ರಪತಿಗಳ ಭಾಷಣದಲ್ಲಿ ಹಳ್ಳಿಗೆ ಸಂಬಂಧಿಸಿದ ಭಾಗವನ್ನು ಪ್ರತಿ ವರ್ಷ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಬೇಕು. ನೀರಿನ ಲೆಕ್ಕಕ್ಕೆ ದನಕರುಗಳನ್ನೂ ಸೇರಿಸಬೇಕು.

ಎರಡನೆಯದು ಆಗಿದೆ. ಹೋದ ಸಲ ನಮ್ಮ ಶಾಲೆಯ ಮೇಷ್ಟರು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದರು, ಜನ ನಿಂತು ಓದಿದರು. ಮೊದಲನೆಯದಕ್ಕೆ ನೋಡೋಣ ಅಂದಿದ್ದಾರೆ. ದನಕರುಗಳ ಠರಾವು ಮೇಲಿನ ಕಚೇರಿಗೆ ಹೋಗಿದೆ, ಉತ್ತರ ಬಂದಿಲ್ಲ. ಅದರ ನಕಲು ನೀರಿನ ಪುಸ್ತಕದ ಕೊನೇ ಪುಟದಲ್ಲಿ ಮಡಚಿಟ್ಟಿದ್ದೇನೆ. ಮುಂದಿನ ಗ್ರಾಮಸಭೆಗೆ ಅದನ್ನೇ ಮತ್ತೆ ತೆಗೆದುಕೊಂಡು ಹೋಗುತ್ತೇವೆ.

ನಮಸ್ಕಾರ.