ತಪ್ಪಲು ಆಮೇಲೆ, ಮೊದಲು ಗಡಿಯಾರ

ನಮಸ್ಕಾರ ಎಲ್ಲರಿಗೂ. ವಿಜಯಪುರದಿಂದ ನಿಮ್ಮ ಪಾರ್ಲರ್ ಅಕ್ಕ ಮಾತಾಡುತ್ತಿದ್ದೇನೆ. ಇವತ್ತು ಮದರಂಗಿ ಬಗ್ಗೆ ಹೇಳಬೇಕು ಅಂತ ಎಲ್ಲ ಬರೆದಿಟ್ಟಿದ್ದೆ. ಅದು ಪಕ್ಕಕ್ಕಿರಲಿ. ಬೆಳಿಗ್ಗೆ ಚಹಾ ಕುಡಿಯುತ್ತಾ ಫೋನ್ ತೆಗೆದರೆ ಒಂದು ಕಾಮೆಂಟ್. ಓದುತ್ತೇನೆ, ಕೇಳಿ. "ಅಕ್ಕಾ, ಬೇವಿನ ತಪ್ಪಲು ಹಾಕಿ 20 ನಿಮಿಷ ಮುಖಕ್ಕೆ ಹಬೆ ತಗೊಂಡೆ. ಮುಖ ಉರಿಯುತ್ತಿದೆ. ಬೇವು ಆಗಲ್ಲ ಅಂದರೆ ಯಾವ ತಪ್ಪಲು ಹಾಕಲಿ?"

20 ನಿಮಿಷ! ತಂಗೀ, 20 ನಿಮಿಷದಲ್ಲಿ ಇಡ್ಲಿ ಬೆಂದು, ಆರಿ, ಚಟ್ನಿ ಜೊತೆ ತಟ್ಟೆಗೆ ಬಂದಿರುತ್ತದೆ. ಪಾಪ, ಬೇವು ಏನು ಮಾಡೀತು? ಯಾವ ತಪ್ಪಲು ಅಂತ ಆಮೇಲೆ ಕೇಳು. ಮೊದಲು ಗಡಿಯಾರ ನೋಡು.

ನೀವೆಲ್ಲ ರೊಟ್ಟಿ ಬಡಿಯುವವರು, ನಿಮಗೆ ಹಬೆ ಅಂದರೆ ಏನು ಅಂತ ನಾನು ಹೇಳಬೇಕಾ? ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕುತ್ತೀರಿ. ರೊಟ್ಟಿ ಉಬ್ಬುತ್ತದೆ. ಅಂಚಿನಲ್ಲಿ ಎಲ್ಲೋ ಸಣ್ಣ ತೂತು ಬಿತ್ತು ಅಂದರೆ ಸುಯ್ ಅಂತ ಹಬೆ ಬಂದು ಬೆರಳಿಗೆ ತಾಗುತ್ತದೆ. ಕೈ ತಾನೇ ಹಿಂದಕ್ಕೆ ಬರುತ್ತದೆ, ಅಲ್ವಾ? 100 ಡಿಗ್ರಿ ನೀರಿಗಿಂತ 100 ಡಿಗ್ರಿ ಹಬೆಯಲ್ಲಿ ಶಾಖ ಬಹಳ ಜಾಸ್ತಿ. ಚರ್ಮಕ್ಕೆ ತಾಗಿ ನೀರಾಗುವಾಗ ಆ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ. ಬೆರಳಿಗೆ ಒಂದು ಕ್ಷಣ ತಡೆಯದ್ದನ್ನು ಮುಖಕ್ಕೆ 20 ನಿಮಿಷ ಕೊಡುತ್ತೀರಾ?

ಹೋದ ವರ್ಷ ಒಬ್ಬ ಮದುಮಗಳು ಬಂದಿದ್ದಳು. ಅರಿಶಿನ ಶಾಸ್ತ್ರಕ್ಕೆ ಇನ್ನು ಎರಡೇ ದಿನ. ತಲೆ ಮೇಲೆ ಚಾದರ ಹೊದ್ದು, ಬೋಗಾಣಿಗೆ ಮುಖ ಬಗ್ಗಿಸಿ, ನೀರಿಗೆ ನೆಗಡಿ ಬಾಮ್ ಬೇರೆ ಹಾಕಿಕೊಂಡು ಕೂತಿದ್ದಳಂತೆ. ಕೆನ್ನೆ ಕೆಂಪಗೆ ಬಿಗಿದುಕೊಂಡಿತ್ತು. ಮೂಗಿನ ಎರಡೂ ಬದಿ ಈರುಳ್ಳಿ ಸಿಪ್ಪೆ ಹಾಗೆ ಚರ್ಮ ಏಳುತ್ತಿತ್ತು. ಕಣ್ಣಲ್ಲಿ ನೀರು. ಅವರವ್ವ ನನ್ನ ಕೈ ಹಿಡಿದುಕೊಂಡು, "ಏನಾದರೂ ಹಚ್ಚವ್ವಾ" ಅಂತಾರೆ. ಏನು ಹಚ್ಚಲಿ? ತಣ್ಣೀರಿನ ಬಟ್ಟೆ ಇಟ್ಟೆ, ಚರ್ಮದ ಡಾಕ್ಟರ್ ಹತ್ತಿರ ಕಳಿಸಿದೆ. ಅವತ್ತಿನಿಂದ ಈ ಹಬೆ ವಿಷಯ ಬಂದರೆ ನನಗೆ ಸುಮ್ನಿರಲು ಆಗುವುದಿಲ್ಲ.

ಈಗ ಸರಿಯಾಗಿ ಕೇಳಿ. ನೀರು ಕುದಿಸಿ, ತಪ್ಪಲು ಹಾಕಿ, ಒಲೆ ಆರಿಸಿ. ಬೋಗಾಣಿಯನ್ನು ಅಲ್ಲಾಡದ ಟೇಬಲ್ ಮೇಲೆ ಇಡಿ. ಒಂದೆರಡು ನಿಮಿಷ ಬಿಡಿ, ಮೊದಲ ಬಿಸಿ ಹೋಗಲಿ. ಮುಖ ಒಂದೂವರೆ ಗೇಣು ದೂರ ಇರಲಿ. ಕಣ್ಣು ಮುಚ್ಚಿ. ಚಿಕ್ಕ ಮಕ್ಕಳು ಆ ಕೋಣೆಯಲ್ಲೇ ಬೇಡ. ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಕ್ಕಳು ಎಷ್ಟೋ ಜನ.

ನಿಮ್ಮದು ಎಂಥ ಚರ್ಮ? ಮುಖ ತೊಳೆದು ಒರೆಸಿ, ಏನೂ ಹಚ್ಚದೆ ಒಂದು ತಾಸು ಬಿಡಿ. ಹಣೆ, ಮೂಗಿನ ಮೇಲೆ ತೆಳು ಕಾಗದ ಒತ್ತಿ. ಎಣ್ಣೆ ಕಲೆ ಚೆನ್ನಾಗಿ ಬಿದ್ದರೆ ಎಣ್ಣೆ ಚರ್ಮ. ಏನೂ ಬೀಳದೆ ನಕ್ಕರೆ ಕೆನ್ನೆ ಎಳೆದ ಹಾಗಾದರೆ ಒಣ ಚರ್ಮ. ಎಣ್ಣೆ ಚರ್ಮದವರಿಗೆ 5 ನಿಮಿಷ, ವಾರಕ್ಕೊಮ್ಮೆ. ಬೇವು, ತುಳಸಿ, ಪುದೀನ ಯಾವುದಾದರೂ ಹಾಕಿ. ಒಣ ಚರ್ಮದವರಿಗೆ 2 ನಿಮಿಷ, ಹೆಚ್ಚೆಂದರೆ 3, ಅದೂ ಹದಿನೈದು ದಿನಕ್ಕೊಮ್ಮೆ. ಗುಲಾಬಿ ಪಕಳೆ ಸಾಕು, ಇಲ್ಲವೇ ಲಾವಂಚದ ಬೇರು. ನೀಲಗಿರಿ, ನಿಂಬೆ ಸಿಪ್ಪೆ ಬೇಡ. ಹಣೆ ಮೂಗು ಎಣ್ಣೆ, ಕೆನ್ನೆ ಒಣ ಅನ್ನುವವರು ಕೆನ್ನೆಯ ಮಾತು ಕೇಳಿ, 3 ನಿಮಿಷಕ್ಕೆ ಏಳಿ. ಸೂಕ್ಷ್ಮ ಚರ್ಮ, ಇಸುಬು, ಬಂಗು, ಕೀವು ತುಂಬಿದ ಮೊಡವೆ ಇದ್ದವರಿಗೆ ಸೊನ್ನೆ ನಿಮಿಷ. ಬಂಗಿಗೆ ಶಾಖ ಆಗಿಬರುವುದಿಲ್ಲ, ಇನ್ನೂ ಕಪ್ಪಾಗಬಹುದು.

ನೋಡಿದಿರಾ? ತಪ್ಪಲು ಬದಲಾದರೆ ಬದಲಾಗುವುದು ಹೆಚ್ಚಾಗಿ ವಾಸನೆ. ನಿಮಿಷ ಬದಲಾದರೆ ಮುಖವೇ ಬದಲಾಗುತ್ತದೆ. ಗಡಿಯಾರ ನೋಡಿ ಅಂದೆ, ಇನ್ನೊಮ್ಮೆ ಅನ್ನುತ್ತೇನೆ. ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಎಷ್ಟು ಸಲ ವಾಪಸ್ ಕೇಳುತ್ತದೋ ಅಷ್ಟು ಸಲ ಅನ್ನುತ್ತೇನೆ.

"ಜಾಸ್ತಿ ಹೊತ್ತು ತಗೊಂಡರೆ ರಂಧ್ರ ತೆರೆಯುತ್ತವೆ" ಅನ್ನುತ್ತಾರೆ. ಚರ್ಮದ ರಂಧ್ರ ಏನು ವಾಡೆಯ ಬಾಗಿಲಾ, ತೆರೆದು ಮುಚ್ಚಲು? ಅದಕ್ಕೆ ತೆರೆದುಕೊಳ್ಳುವ ಸ್ನಾಯುವೇ ಇಲ್ಲ. ಬಿಸಿಗೆ ಒಳಗಿನ ಜಿಡ್ಡು ಮೆತ್ತಗಾಗುತ್ತದೆ, ಅಷ್ಟೇ. ಅದಕ್ಕೆ 5 ನಿಮಿಷ ಧಾರಾಳ ಆಯಿತು. ಆಮೇಲೆ "ಬೆವರಲ್ಲಿ ವಿಷ ಹೋಗುತ್ತದೆ" ಅನ್ನುವವರು. ಆ ಕೆಲಸಕ್ಕೆ ಲಿವರ್ ಇದೆ, ಕಿಡ್ನಿ ಇದೆ. ಬೆವರೇ ಬೇಕಿದ್ದರೆ ಮೇ ತಿಂಗಳ ಮಧ್ಯಾಹ್ನ ನಮ್ಮ ಊರಿನ ಮಾರ್ಕೆಟ್‌ಗೆ ಒಂದು ಸುತ್ತು ಬನ್ನಿ, ಸಾಕು! "ನಮ್ಮ ಅಜ್ಜಿ ತಗೊಳ್ಳುತ್ತಿದ್ದರು" ಅನ್ನುತ್ತಾರೆ ಇನ್ನೊಬ್ಬರು. ನಮ್ಮ ಅಜ್ಜಿಯೂ ತಗೊಳ್ಳುತ್ತಿದ್ದಳು, ನೆಗಡಿ ಬಂದು ಮೂಗು ಕಟ್ಟಿದಾಗ. ಹೊಳಪು ಬರಲಿ ಅಂತ ಅಲ್ಲ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಒಣ ಹವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಚಳಿಗಾಲದ ಗಾಳಿಗೆ ತುಟಿ ಒಡೆಯುತ್ತದೆ. ಇಲ್ಲಿ ಹಬೆ ತಗೊಂಡು ಒದ್ದೆ ಮುಖದಲ್ಲಿ ಫ್ಯಾನ್ ಕೆಳಗೆ ಕೂತರೆ ಆ ನೀರು ಆರಿ ಮುಖ ಮೊದಲಿಗಿಂತ ಬಿರುಸಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಕೂತು ವಿಡಿಯೋ ನೋಡುವ ತಂಗಿಯರಿಗೆ ಅಷ್ಟು ಗೊತ್ತಾಗಲಿಕ್ಕಿಲ್ಲ, ಅಲ್ಲಿ ಗಾಳಿಯಲ್ಲೇ ತೇವ. ಎಲ್ಲಿದ್ದರೂ ಮಾಡುವುದು ಒಂದೇ. ತಿಕ್ಕಬೇಡಿ, ಮೆತ್ತಗೆ ಒತ್ತಿ ಒರೆಸಿ, ಮುಖ ಇನ್ನೂ ಹಸಿ ಇರುವಾಗಲೇ ಕ್ರೀಮ್ ಹಚ್ಚಿ.

ಹಾಂ, ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಮಾಡಿ. ಮದುವೆ ಬುಕಿಂಗ್ ಶುರುವಾಗಿದೆ, ಮೊದಲೇ ಹೇಳಿ, ಕೊನೆ ವಾರ ಬಂದು ಅಳಬೇಡಿ. ಮತ್ತೆ ಯಾರಾದರೂ "ಅಕ್ಕಾ, 10 ನಿಮಿಷ ಆದರೆ?" ಅಂತ ಕೇಳಿದಿರೋ! ಆಗಲ್ಲ. 8? ಆಗಲ್ಲ. ನನ್ನ ಮಗಳಿಗೂ ಆಗಲ್ಲ, ನಿಮಗೂ ಆಗಲ್ಲ. ಯಾಕೆ ಅಂದರೆ ನಾನು ಹೇಳಿದೆ, ಆಗಲ್ಲ. ಆ ಹುಡುಗಿಯ ಮೂಗು ನಾನು ನೋಡಿದ್ದೇನೆ, ನೀವು ನೋಡಿಲ್ಲ.

ಕಾಮೆಂಟ್ ಹಾಕಿದ ತಂಗೀ, ಇವತ್ತು ಮುಖಕ್ಕೆ ಏನೂ ಬೇಡ. ತಣ್ಣೀರಿನ ಮೆತ್ತನೆ ಬಟ್ಟೆ ಇಡು, ಐಸ್ ತಿಕ್ಕಬೇಡ. ನಾಳೆಗೂ ಉರಿ ಇದ್ದರೆ, ಗುಳ್ಳೆ ಎದ್ದರೆ ಡಾಕ್ಟರ್ ಹತ್ತಿರ ಹೋಗು, ನನ್ನ ವಿಡಿಯೋ ನೋಡುತ್ತಾ ಕೂರಬೇಡ. ಹೇಗಿದೆ ಅಂತ ಸಂಜೆ ಕೆಳಗೆ ಬರಿ, ಕಾಯುತ್ತಿರುತ್ತೇನೆ.